ಪ್ಯಾಸೇಜ್ ಓದದೆಯೂ ಅಂಕ ಬರುತ್ತಿದೆ: ಪರೀಕ್ಷಾ ಮಂಡಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಧ್ಯಕ್ಷರಿಗೂ, ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ನೀಲನಕ್ಷೆ ತಯಾರಿಸುವ ಎಲ್ಲರಿಗೂ ನಮಸ್ಕಾರ.

ಮೊದಲು ನಿಮಗೇ ಒಂದು ಪುಟ್ಟ ಪರೀಕ್ಷೆ. ಈ ಗದ್ಯಭಾಗ ಓದಿ.

"ಮುರಬದ ಲೆಕ್ಕಟಿಯು ಸಂಜೆಯ ಹೊತ್ತು ಜಿಬ್ಬನ್ನು ತೊಗಚಿತು. ಏಕೆಂದರೆ ಜಿಬ್ಬು ತುಂಬಾ ಪೊರಟಾಗಿತ್ತು. ಆಮೇಲೆ ಲೆಕ್ಕಟಿಯು ಡೊಗರಿಯ ಕಡೆಗೆ ಹೋಯಿತು."

ಈಗ ಪ್ರಶ್ನೆಗಳು. ಲೆಕ್ಕಟಿಯು ಜಿಬ್ಬನ್ನು ಯಾವಾಗ ತೊಗಚಿತು? ಏಕೆ ತೊಗಚಿತು? ಆಮೇಲೆ ಅದು ಎಲ್ಲಿಗೆ ಹೋಯಿತು?

ಮೂರಕ್ಕೂ ಉತ್ತರ ಬಂತು, ಅಲ್ವಾ? ಪೂರ್ತಿ ವಾಕ್ಯದಲ್ಲಿ, ಕಾಗುಣಿತ ತಪ್ಪದೆ. ಮೌಲ್ಯಮಾಪಕರು ಒಂದು ಅಂಕವನ್ನೂ ಕಡಿಯುವ ಹಾಗಿಲ್ಲ. ಆದರೆ ಲೆಕ್ಕಟಿ ಅಂದರೆ ಪ್ರಾಣಿಯೋ ಯಂತ್ರವೋ ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಆ ಪದಗಳನ್ನು ಸುಮ್ನೆ ಹುಟ್ಟಿಸಿದ್ದು ನಾನೇ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಹತ್ತನೇ ತರಗತಿಯ ಎಷ್ಟೋ ಮಕ್ಕಳಿಗೆ ಪರೀಕ್ಷೆಯ ಇಂಗ್ಲಿಷ್ ಪ್ಯಾಸೇಜ್ ಹೀಗೇ ಕಾಣುತ್ತದೆ. ಉತ್ತರವನ್ನೂ ಅವರು ಹೀಗೇ ಬರೆಯುತ್ತಾರೆ. ಅಂಕವೂ ಬರುತ್ತದೆ. ನನ್ನ ದೂರು ಇರುವುದೇ ಇಲ್ಲಿ.

ಈ ವಿದ್ಯೆ ಎಲ್ಲ ಶಾಲೆಗಳಿಗೂ ಗೊತ್ತು. ಪ್ರಶ್ನೆಯಲ್ಲಿರುವ ದೊಡ್ಡ ಪದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳಿ. ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು. ಹಿಂದಿನ ಫುಲ್‌ಸ್ಟಾಪಿನಿಂದ ಮುಂದಿನ ಫುಲ್‌ಸ್ಟಾಪಿನವರೆಗೆ ಇಳಿಸು, ಅಂದರೆ ನೋಡಿ ಹಾಗೇ ಬರೆ. ‘ವೈ’ ಅಂತ ಕೇಳಿದ್ದರೆ ‘ಬಿಕಾಸ್’ ಹುಡುಕು. ‘ವೆನ್’ ಅಂದರೆ ಇಸವಿ ಹುಡುಕು. ‘ಹೂ’ ಅಂದರೆ ನಡುವಾಕ್ಯದಲ್ಲಿ ಕ್ಯಾಪಿಟಲ್ ಅಕ್ಷರದಿಂದ ಶುರುವಾಗುವ ಪದ ನೋಡು. ಏನೂ ಸಿಗಲಿಲ್ಲವೋ, ಮೊದಲ ಪ್ರಶ್ನೆಗೆ ಮೇಲಿನ ಎರಡು ಸಾಲು, ಕೊನೆಯ ಪ್ರಶ್ನೆಗೆ ಕೆಳಗಿನ ಎರಡು ಸಾಲು ಬರೆದು ಬಾ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಾಗ ಕೈಯಿಂದ ಕೈಗೆ ಹೋಗುವ ‘ಪಾಸಿಂಗ್ ಪ್ಯಾಕೇಜ್’ ಜೆರಾಕ್ಸ್ ಹಾಳೆಗಳಲ್ಲೂ ಪ್ಯಾಸೇಜಿಗೆ ಇಷ್ಟೇ ಜಾಗ. ಓದಿ ಬರುವುದೇನೂ ಬೇಡ, ಅಲ್ಲೇ ಉತ್ತರ ಇರುತ್ತದೆ, ಬಿಡಬೇಡಿ.

ಇದನ್ನು ಹೇಳಿಕೊಡುವ ಶಿಕ್ಷಕರನ್ನು ನಾನು ಬೈಯುವುದಿಲ್ಲ. ಫೆಬ್ರುವರಿ ಬಂತೆಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನು, ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಸಭೆ, ಕಳೆದ ವರ್ಷ ನಿಮ್ಮ ಶಾಲೆಯ ಫಲಿತಾಂಶ ಎಷ್ಟು, ಈ ವರ್ಷ ಎಷ್ಟು ಅನ್ನುವ ಲೆಕ್ಕ. ನಿಧಾನ ಕಲಿಕೆಯವರು ಅಂತ ಗುರುತಿಸಿದ ಮಕ್ಕಳನ್ನು ಹೇಗಾದರೂ ದಡ ಸೇರಿಸಬೇಕು. ಆ ಹೊತ್ತಿನಲ್ಲಿ ಓದುವ ಅಭ್ಯಾಸ ಮಾಡಿಸುತ್ತೇನೆ ಅಂದರೆ ಮುಖ್ಯೋಪಾಧ್ಯಾಯರೇ ನಗುತ್ತಾರೆ. ಶಿಕ್ಷಕರು ನೋಡುವುದು ಪತ್ರಿಕೆ ಏನು ಕೇಳುತ್ತದೆ ಅನ್ನುವುದನ್ನು. ಪತ್ರಿಕೆ ಕೇಳುವುದು ಇಳಿಸುವುದನ್ನು. ಆದ್ದರಿಂದಲೇ ಈ ಪತ್ರ ಇಲಾಖೆಗಿಂತ ಮೊದಲು ನಿಮಗೆ.

ನಿಮಗೆ ಗೊತ್ತಿರುವ ಲೆಕ್ಕವನ್ನೇ ಓದುಗರಿಗಾಗಿ ಹೇಳುತ್ತೇನೆ. ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು. ಉಳಿದ 20 ಆಂತರಿಕ. ಆ 80ರಲ್ಲಿ, ಮಗು ಮೊದಲು ಕಂಡೇ ಇರದ ಪ್ಯಾಸೇಜಿಗೆ ಇರುವುದು 4 ಅಂಕ. ಮಿಕ್ಕಿದ್ದರಲ್ಲಿ ಬಹುಪಾಲು ಪಾಠ, ಪದ್ಯದ ಒಳಗಿನ ಪ್ರಶ್ನೆಗಳು. ಅವು ಗೈಡಿನಲ್ಲಿವೆ, ಕ್ವೆಶ್ಚನ್ ಬ್ಯಾಂಕಿನಲ್ಲಿವೆ, ಹಳೇ ಪತ್ರಿಕೆಗಳಲ್ಲಿವೆ. ಪತ್ರ ಬರೆಯುವುದಕ್ಕೆ ಒಂದು ಅಚ್ಚು ಇದೆ, ಬಾಯಿಪಾಠ ಆದರೆ ಸಾಕು. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದಕ್ಕೂ ಅಂಕ ಇದೆ. (ಪದ್ಯ ಬಾಯಿಪಾಠ ಆಗುವುದು ಒಳ್ಳೆಯದೇ. ನನಗೂ ಇಷ್ಟ. ಅರ್ಥ ಕೇಳಬೇಡಿ ಅಂತ ಮಕ್ಕಳು ಅನ್ನುವವರೆಗೆ.) ಅಂದರೆ ಹೊಸ ಇಂಗ್ಲಿಷ್ ವಾಕ್ಯ ಒಂದನ್ನೂ ಓದಿ ಅರ್ಥ ಮಾಡಿಕೊಳ್ಳದೆ ಒಂದು ಮಗು ಈ ಪತ್ರಿಕೆಯಲ್ಲಿ ಪಾಸಾಗಬಹುದು. ಪಾಸೇನು, ಒಳ್ಳೆಯ ಅಂಕವನ್ನೇ ತೆಗೆಯಬಹುದು.

ಸಿಬಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆಯೂ 80 ಅಂಕದ್ದೇ. ಅಲ್ಲಿ ಓದಿಗೆ 20 ಅಂಕ. ಎರಡು ಪ್ಯಾಸೇಜ್, ತಲಾ 10. ಒಂದು 400ರಿಂದ 450 ಪದದ್ದು. ಇನ್ನೊಂದು ಚಿಕ್ಕದು, ಜೊತೆಗೆ ಅಂಕಿಅಂಶವೋ ಚಾರ್ಟೋ ಇರಬಹುದು. ಆ ಮಕ್ಕಳ ಮನೆ, ಶಾಲೆ, ಸೌಕರ್ಯ ಬೇರೆ. ಅಷ್ಟೇ ಭಾರವನ್ನು ನಮ್ಮ ಮಕ್ಕಳ ಮೇಲೆ ಒಂದೇ ಏಟಿಗೆ ಹೇರಿ ಅಂತ ನಾನು ಹೇಳುತ್ತಿಲ್ಲ. ಆದರೆ 4ಕ್ಕೂ 20ಕ್ಕೂ ನಡುವೆ ಬೇಕಾದಷ್ಟು ಜಾಗ ಇದೆ. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೇಲೆ ಎರಡೂ ಕಡೆಯ ಮಕ್ಕಳ ಕೈಗೆ ಬರುವುದು ಅದೇ ಇಂಗ್ಲಿಷ್ ಭೌತಶಾಸ್ತ್ರದ ಪುಸ್ತಕ. ಅಲ್ಲಿ ಗೆರೆ ಎಳೆದು ಇಳಿಸಿದರೆ ಏನೂ ಆಗುವುದಿಲ್ಲ. ಇಂಗ್ಲಿಷಿನಲ್ಲಿ 70ರ ಮೇಲೆ ತೆಗೆದ ನಮ್ಮ ಮಕ್ಕಳು ವಿಜ್ಞಾನಕ್ಕೆ ಸೇರಿ, ದಸರಾ ರಜೆಗೆ ಊರಿಗೆ ಬಂದವರು ‘ಆರ್ಟ್ಸಿಗೆ ಬದಲಾಯಿಸಬಹುದಾ ಸರ್’ ಅಂತ ಕೇಳುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಈಗ ಒಂದು ತರಗತಿಯ ವಿಷಯ ಹೇಳಬೇಕು.

ಹೋದ ವರ್ಷ ನಾನೇ ಒಂದು ಸಣ್ಣ ಪ್ಯಾಸೇಜ್ ಬರೆದು ಬೋರ್ಡಿನ ಮೇಲೆ ಹಾಕಿದೆ. ಸರಳ ಇಂಗ್ಲಿಷ್. ಅಪ್ಪ ರಾತ್ರಿ ತಡವಾಗಿ ಮನೆಗೆ ಬರುತ್ತಾನೆ. ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿದೆ. ಮಗಳು ಇನ್ನೂ ಓದುತ್ತಾ ಕೂತಿದ್ದಾಳೆ. ಅಪ್ಪ ರೊಟ್ಟಿಯನ್ನು ಅವಳ ಕಡೆ ಸರಿಸಿ, ‘ನಾನು ಅಂಗಡಿ ಹತ್ತಿರ ತಿಂದು ಬಂದೆ’ ಅನ್ನುತ್ತಾನೆ. ಎರಡು ಲೋಟ ನೀರು ಕುಡಿದು ಮಲಗುತ್ತಾನೆ. ಇಷ್ಟೇ. ನನ್ನ ಪ್ರಶ್ನೆ: ಅಪ್ಪ ಊಟ ಮಾಡಿದ್ದನೇ? ನಿಮಗೆ ಹೇಗೆ ಗೊತ್ತಾಯಿತು?

ನೋಟ್‌ಬುಕ್ ತಿರುವಿ ನೋಡಿದರೆ ಬಹುತೇಕ ಎಲ್ಲರದ್ದೂ ಒಂದೇ ಉತ್ತರ. ಹೌದು, ಅಪ್ಪ ಅಂಗಡಿ ಹತ್ತಿರ ಊಟ ಮಾಡಿದ್ದ. ಪ್ಯಾಸೇಜಿನ ಆ ಸಾಲು ಹಾಗೇ ಇಳಿದು ಬಂದಿತ್ತು. ಅಕ್ಷರ ದುಂಡಗೆ, ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ.

ಪುಸ್ತಕ ಮುಚ್ಚಿಸಿ, ಅದನ್ನೇ ಕನ್ನಡದಲ್ಲಿ ಕಥೆಯ ಹಾಗೆ ಹೇಳಿದೆ. ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಇಲ್ರಿ ಸರ, ಅಂವ ಉಂಡಿಲ್ಲ. ರೊಟ್ಟಿ ಒಂದ ಇತ್ತಲ್ರಿ, ಮಗಳಿಗೆ ಬಿಟ್ಟಾನ’ ಅಂದ. ಇನ್ನೊಬ್ಬಳು, ‘ಉಂಡಿದ್ರ ಎರಡು ಲೋಟ ನೀರು ಯಾಕ ಕುಡೀತಿದ್ದ?’ ಅಂದಳು. ಆ ನೀರಿನ ಲೋಟವನ್ನು ನಾನು ಬೇಕಂತಲೇ ಇಟ್ಟಿದ್ದೆ. ಅದನ್ನು ಹಿಡಿದ ಹುಡುಗಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾದವಳು.

ಅಧ್ಯಕ್ಷರೇ, ಇದನ್ನು ನಿಮಗೆ ಹೇಳಲೇಬೇಕಿತ್ತು. ಈ ಮಕ್ಕಳಿಗೆ ಗ್ರಹಿಕೆ ಇಲ್ಲ ಅನ್ನುವುದು ಸುಳ್ಳು. ಮಾತಿನ ಹಿಂದಿರುವುದನ್ನು ಹಿಡಿಯುವ ಬುದ್ಧಿ ಅವರಿಗೆ ಚೆನ್ನಾಗಿಯೇ ಇದೆ. ನಮ್ಮ ಪತ್ರಿಕೆ ಅದನ್ನು ಒಮ್ಮೆಯೂ ಕೇಳುವುದಿಲ್ಲ. ಕೇಳದೇ ಇರುವುದರಿಂದ, ಇಂಗ್ಲಿಷ್ ಪುಟ ಕಂಡ ಕೂಡಲೇ ಅವರು ಬುದ್ಧಿಯನ್ನು ಬದಿಗಿಟ್ಟು ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾರೆ.

ಇದು ನಮ್ಮ ರಾಜ್ಯದ ಮಾತಷ್ಟೇ ಅಲ್ಲ. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ನೋಡಿದ 2023ರ ಅಸರ್ ಎಂಬ ಕಲಿಕೆಯ ಸಮೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇ. 57.3. ಹಾಗೆ ಓದಿದವರಲ್ಲಿ ಅರ್ಥ ಹೇಳಬಲ್ಲವರು ಶೇ. 73.5. ಬಾಯಿಬಿಟ್ಟು ಸರಾಗ ಓದಿದ ನಾಲ್ವರಲ್ಲಿ ಒಬ್ಬರಿಗೆ ತಾನು ಓದಿದ್ದೇನು ಅಂತ ಗೊತ್ತಿಲ್ಲ. ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳಿತು. ಸುಮಾರು ಶೇ. 25ರಷ್ಟು ಮಂದಿಗೆ ತಮ್ಮ ಭಾಷೆಯಲ್ಲೇ ಎರಡನೇ ತರಗತಿಯ ಮಟ್ಟದ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ಅಂಥ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಬೇರೆ, ಆರನೇ ಏಳನೇ ತರಗತಿಯಲ್ಲೇ ಕೊಡಬೇಕಾದದ್ದು. ಅವರ ಕಷ್ಟವನ್ನು ಈ ಪತ್ರ ಪರಿಹರಿಸುವುದಿಲ್ಲ. ಆದರೆ ಅವರನ್ನು ಪಾಸು ಮಾಡಿಸುವ ಉಪಾಯವೇ ಉಳಿದವರೆಲ್ಲರ ಓದಿನ ಪಾಠವೂ ಆಗಿಬಿಟ್ಟಿದೆ. ಅದನ್ನು ತಪ್ಪಿಸಬಹುದು.

ಹೇಗೆ ಅಂತ ಕೇಳಿದರೆ ನನ್ನ ಬೇಡಿಕೆ ಒಂದೇ, ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು. ಪ್ಯಾಸೇಜಿನ ಪ್ರಶ್ನೆಗಳಲ್ಲಿ ಕನಿಷ್ಠ ಒಂದು, ಇಳಿಸಿ ಬರೆಯಲು ಆಗದ ಪ್ರಶ್ನೆ ಇರಲಿ. ಅದಕ್ಕೆ ಮಗು ತನ್ನ ಮಾಧ್ಯಮದ ಭಾಷೆಯಲ್ಲಿ ಉತ್ತರ ಬರೆಯಬಹುದು ಅಂತ ಪತ್ರಿಕೆಯಲ್ಲೇ ಮುದ್ರಿಸಿ.

ಇಂಗ್ಲಿಷ್ ಪತ್ರಿಕೆಯಲ್ಲಿ ಕನ್ನಡದ ಉತ್ತರವಾ ಅಂತ ಹುಬ್ಬೇರಿಸಬೇಡಿ. ಆ ಪ್ರಶ್ನೆ ಪರೀಕ್ಷಿಸಬೇಕಾದದ್ದು ಓದನ್ನು. ಬರವಣಿಗೆ ಪರೀಕ್ಷಿಸಲು ಪತ್ರ, ಪ್ರಬಂಧ, ಕಥೆ ಬೆಳೆಸುವುದು, ಚಿತ್ರ ನೋಡಿ ಬರೆಯುವುದು ಎಲ್ಲ ಇವೆಯಲ್ಲ? ಓದಿ ಅರ್ಥವಾದ ಮಗುವೂ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಲಾಗದೆ ಸೋಲುತ್ತದೆ. ಅರ್ಥವಾಗದ ಮಗು ಇಳಿಸಿ ಗೆಲ್ಲುತ್ತದೆ. ಕನ್ನಡದಲ್ಲಿ ಬರೆ ಅಂದರೆ ಇಳಿಸುವ ದಾರಿಯೇ ಮುಚ್ಚಿತು. ಪ್ಯಾಸೇಜಿನಲ್ಲಿ ಕನ್ನಡವೇ ಇಲ್ಲ, ಇಳಿಸುವುದು ಏನನ್ನು? ಅರ್ಥವಾಗಿದ್ದರೆ ಮಾತ್ರ ಪೆನ್ನು ಓಡುತ್ತದೆ.

ಉರ್ದು, ಮರಾಠಿ, ತೆಲುಗು, ತಮಿಳು ಮಾಧ್ಯಮದ ಮಕ್ಕಳ ಉತ್ತರ ಯಾರು ತಿದ್ದುತ್ತಾರೆ ಅನ್ನುವುದು ನ್ಯಾಯವಾದ ಪ್ರಶ್ನೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಉತ್ತರಪತ್ರಿಕೆಗಳನ್ನು ಮಾಧ್ಯಮವಾರು ಬೇರ್ಪಡಿಸಿ ತಿದ್ದಿಸುವುದು ಮಂಡಳಿಗೆ ಹೊಸದಲ್ಲ. ಇಂಗ್ಲಿಷಿಗೂ ಹಾಗೆ ಮಾಡಬಹುದು. ಕೆಲಸ ಜಾಸ್ತಿ ಆಗುತ್ತದೆ, ನಿಜ. ಅದು ಆಗದ ಮಾತು ಅನ್ನಿಸಿದರೆ ಎರಡನೇ ದಾರಿ ಇದೆ. ಆ ಒಂದು ಪ್ರಶ್ನೆಯನ್ನು ಬಹು ಆಯ್ಕೆಯದ್ದಾಗಿ ಮಾಡಿ. ನಾಲ್ಕು ಆಯ್ಕೆಯಲ್ಲಿ ಎರಡು ಪ್ಯಾಸೇಜಿನ ಪದಗಳನ್ನೇ ಹೊತ್ತ ತಪ್ಪು ಉತ್ತರಗಳಾಗಿರಲಿ. ಸರಿಯುತ್ತರದಲ್ಲಿ ಪ್ಯಾಸೇಜಿನ ದೊಡ್ಡ ಪದ ಒಂದೂ ಇರದಿರಲಿ. ಗೆರೆ ಎಳೆಯುವವರು ಆ ಎರಡು ತಪ್ಪುಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಓದಿದವರು ದಾಟುತ್ತಾರೆ. ಇಂಥ ಪ್ರಶ್ನೆ ಬರೆಯುವುದು ಕಷ್ಟದ ಕೆಲಸ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವುದೇ ಅದರ ಕೆಲಸ. ಪ್ರಶ್ನೆ ತೆಗೆಯುವವರನ್ನು ಕೆಲವು ದಿನ ಅಲ್ಲಿ ಕೂರಿಸಿದರೂ ಸಾಕು.

ಫಲಿತಾಂಶ ಕುಸಿಯುತ್ತದೆ ಅನ್ನುವ ಭಯ ನಿಮಗಿದೆ, ನನಗೂ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂದಾಗ ಏನಾಯಿತು ಎಲ್ಲರೂ ನೋಡಿದ್ದೇವೆ. ಹಿಂದಿನ ವರ್ಷ ಶೇ. 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 73.40ಕ್ಕೆ ಬಂತು. ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಇಂಥ ಆಘಾತ ಇನ್ನೊಂದು ಬೇಡ. ಅದಕ್ಕೇ ಮೊದಲ ವರ್ಷ ಒಂದೇ ಪ್ರಶ್ನೆ ಅನ್ನುತ್ತಿದ್ದೇನೆ. ಅದರಲ್ಲಿ ಸೋತರೂ ಯಾವ ಮಗುವೂ ಅದರಿಂದಲೇ ಫೇಲಾಗುವುದಿಲ್ಲ. ಆಮೇಲೆ ಎರಡು ಮೂರು ವರ್ಷದಲ್ಲಿ ಪ್ಯಾಸೇಜಿನ ತೂಕವನ್ನು 4ರಿಂದ 8ಕ್ಕೋ 10ಕ್ಕೋ ಏರಿಸಿ. ಆ ಅಂಕಗಳನ್ನು ಗೈಡಿನಿಂದ ಬರುವ ಪ್ರಶ್ನೆಗಳಿಂದ ತೆಗೆಯಿರಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಸೋತವರಿಗೆ ಎರಡನೆಯದಕ್ಕೆ ಮೊದಲು ನಾವು ವಿಶೇಷ ತರಗತಿ ನಡೆಸುತ್ತೇವೆ. ಆ ದಿನಗಳಲ್ಲೂ ಅದೇ ಜೆರಾಕ್ಸ್ ಹಾಳೆ ಹಂಚುವ ಬದಲು ನಿಜವಾಗಿ ಓದಿಸುವುದಕ್ಕೆ ನಮಗೊಂದು ಕಾರಣ ಸಿಗುತ್ತದೆ.

ಪ್ಯಾಸೇಜುಗಳ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಬರುವುದು ಮಹಾಪುರುಷರೊಬ್ಬರ ಜೀವನದ ತುಣುಕು, ಇಲ್ಲವೇ ಮರಗಳ ಮಹತ್ವ, ಸಮಯದ ಮಹತ್ವ. ಮಕ್ಕಳಿಗೆ ಬೇಸರ, ನನಗೂ ಬೇಸರ. ಓದಲೇಬೇಕು ಅನ್ನಿಸುವ ಯಾವುದೂ ಅದರಲ್ಲಿ ಇರುವುದಿಲ್ಲ. ಅಸರ್‌ನವರು ಓದಿ ತಿಳಿದುಕೊಳ್ಳುವುದನ್ನು ಪರೀಕ್ಷಿಸಲು ಮಕ್ಕಳ ಕೈಗೆ ಓಆರ್‌ಎಸ್ ಪೊಟ್ಟಣದ ಸೂಚನೆ ಕೊಟ್ಟಿದ್ದರು. ಎಂಥ ಒಳ್ಳೆಯ ಯೋಚನೆ. ಎಷ್ಟು ನೀರಿಗೆ ಬೆರೆಸಬೇಕು, ಬೆರೆಸಿದ್ದು ಎಷ್ಟು ಹೊತ್ತು ಇಡಬಹುದು ಅಂತ ಕೇಳಿದರೆ ಯಾವ ಮಗುವಿಗೂ ಅದು ಸುಮ್ಮನೆ ಕೇಳಿದ ಪ್ರಶ್ನೆ ಅನ್ನಿಸುವುದಿಲ್ಲ. ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಮೊಬೈಲ್ ರೀಚಾರ್ಜಿನ ಷರತ್ತು, ಸಾಲದ ಆ್ಯಪಿನ ಸಣ್ಣಕ್ಷರ, ಐಟಿಐ ಸೇರಲು ಕರೆಯುವ ಪ್ರಕಟಣೆ. ನಮ್ಮ ಮಕ್ಕಳು ಮುಂದೆ ಓದಲೇಬೇಕಾದ ಇಂಗ್ಲಿಷ್ ಇದು. ಹೊಲದಲ್ಲಿ ಅಪ್ಪನಿಗೆ ಔಷಧಿ ಡಬ್ಬಿ ಓದಿ ಹೇಳುವ ಹುಡುಗ ನನ್ನ ತರಗತಿಯಲ್ಲಿದ್ದಾನೆ. ಅವನು ಅಲ್ಲಿ ಇಳಿಸುವುದಿಲ್ಲ, ಓದುತ್ತಾನೆ. ಮೊಬೈಲಿನಲ್ಲಿ ಪದ ಹುಡುಕಿಯಾದರೂ ಓದುತ್ತಾನೆ.

ಅಭ್ಯಾಸ ಹೇಗೆ ಮಾಡಿಸುವುದು ಅನ್ನುವುದು ಶಿಕ್ಷಕರ ಕೆಲಸ, ಅದರಲ್ಲಿ ಮಂಡಳಿ ಕೈ ಹಾಕಬೇಕಿಲ್ಲ. ಆದರೆ ಈ ಪತ್ರ ಓದುತ್ತಿರುವ ಶಿಕ್ಷಕರಿಗೂ ಪೋಷಕರಿಗೂ, ನನ್ನ ತರಗತಿಯಲ್ಲಿ ಕೆಲಸಕ್ಕೆ ಬಂದ ಕೆಲವನ್ನು ಹೇಳಿಬಿಡುತ್ತೇನೆ. ಮೊದಲ ಸಲ ಓದುವಾಗ ಪೆನ್ಸಿಲ್ ಕೆಳಗಿಡಬೇಕು. ಪ್ರಶ್ನೆಗಳನ್ನು ತೋರಿಸುವುದೇ ಇಲ್ಲ. ಓದಿದ ಮೇಲೆ ಪಕ್ಕದವರಿಗೆ ತಮ್ಮ ಮಾತಿನಲ್ಲಿ ಅದನ್ನು ಹೇಳಬೇಕು. ಅಲ್ಲೇ ಗೊತ್ತಾಗುತ್ತದೆ, ಯಾರಿಗೆ ಎಲ್ಲಿ ಕೈ ಬಿಟ್ಟುಹೋಯಿತು ಅಂತ. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ಆಮೇಲೆ. ಮೊದಲು ಅದು ಒಳ್ಳೆಯದೋ ಕೆಟ್ಟದ್ದೋ, ವಸ್ತುವೋ ಕೆಲಸವೋ ಅಂತ ಊಹಿಸಬೇಕು. ಊಹೆ ಎಷ್ಟೋ ಸಲ ಸರಿ ಇರುತ್ತದೆ. ‘ಬಟ್’, ‘ದೋ’, ‘ಅನ್‌ಲೆಸ್’ ಇವಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ದೊಡ್ಡ ಪದ ಗೊತ್ತಿಲ್ಲದೆ ಮಕ್ಕಳು ಅಷ್ಟಾಗಿ ದಾರಿ ತಪ್ಪುವುದಿಲ್ಲ. ಈ ಚಿಕ್ಕ ಪದಗಳನ್ನು ಹಾರಿಸಿ ಓದಿದಾಗ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಕೊನೆಗೆ ಪ್ರಶ್ನೆಗಳನ್ನೂ ಅವರೇ ಬರೆಯಬೇಕು. ಒಂದು ಇಳಿಸಬಹುದಾದದ್ದು, ಒಂದು ಇಳಿಸಲಾಗದ್ದು. ಈ ಎರಡನೆಯದನ್ನು ಬರೆಯುವಾಗ ತರಗತಿಯಲ್ಲಿ ಜಗಳವೇ ಆಗುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಜಗಳ ಆಗುವುದು ನನ್ನ ಮಟ್ಟಿಗೆ ಹಬ್ಬ.

ಇಷ್ಟನ್ನೆಲ್ಲ ಜನವರಿಯವರೆಗೆ ಮಾಡಿಸಬಹುದು. ಫೆಬ್ರುವರಿಯಲ್ಲಿ ಮಕ್ಕಳೇ ಕೇಳುತ್ತಾರೆ, ‘ಇದು ಪರೀಕ್ಷೆಗೆ ಬರ್ತದೇನ್ರಿ ಸರ?’ ಅಂತ. ಬರುವುದಿಲ್ಲ ಅಂತ ಅವರಿಗೂ ಗೊತ್ತು. ಪರೀಕ್ಷೆಯ ದಿನ ಪತ್ರಿಕೆ ಓದಿಕೊಳ್ಳಲು ಅಂತಲೇ ನೀವು 15 ನಿಮಿಷ ಹೆಚ್ಚಿಗೆ ಕೊಡುತ್ತೀರಿ. ಆ 15 ನಿಮಿಷದಲ್ಲಿ ಅವರು ಪ್ಯಾಸೇಜನ್ನು ನೋಡುವುದೂ ಇಲ್ಲ. ಬಾಯಿಪಾಠ ಮಾಡಿದ ಪ್ರಶ್ನೆ ಬಂದಿದೆಯಾ ಅಂತ ಹುಡುಕುತ್ತಾರೆ.

ಪರೀಕ್ಷೆ ಮುಗಿದ ಮೇಲೆ ಮಂಡಳಿ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಒಳ್ಳೆಯ ಪದ್ಧತಿ. ಆ ಕೀಯಲ್ಲಿ ಪ್ಯಾಸೇಜಿನ ಈ ಪ್ರಶ್ನೆಗೆ ಒಂದೇ ವಾಕ್ಯ ಬರೆದು ನಿಲ್ಲಿಸಬೇಡಿ. ವಿಷಯ ಸರಿ ಇದ್ದರೆ ಯಾವ ಮಾತಿನಲ್ಲಿ ಬರೆದರೂ, ವ್ಯಾಕರಣ ತಪ್ಪಿದ್ದರೂ ಪೂರ್ತಿ ಅಂಕ ಅಂತ ಸ್ಪಷ್ಟವಾಗಿ ಸೇರಿಸಿ. ಇಲ್ಲದಿದ್ದರೆ ಮೌಲ್ಯಮಾಪನ ಕೇಂದ್ರದಲ್ಲಿ ಅವಸರದಲ್ಲಿರುವ ನಾವೇ ಮತ್ತೆ ಪ್ಯಾಸೇಜಿನ ಸಾಲನ್ನೇ ಹುಡುಕುತ್ತೇವೆ. ಇಳಿಸದೆ ಯೋಚಿಸಿ ಬರೆದ ಮಗುವಿಗೆ ಅರ್ಧ ಅಂಕ ಕೊಟ್ಟು ಮುಂದೆ ಹೋಗುತ್ತೇವೆ.

ಇದಕ್ಕೆ ಪಠ್ಯಪುಸ್ತಕ ಬದಲಾಯಿಸಬೇಕಿಲ್ಲ. ಮುಂದಿನ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಅಂಥ ಒಂದು ಪ್ಯಾಸೇಜ್, ಅಂಥ ಒಂದು ಪ್ರಶ್ನೆ ಹಾಕಿ. ಜೂನ್ ತಿಂಗಳಲ್ಲೇ ಅದು ಬರಲಿ, ಡಿಸೆಂಬರಿನಲ್ಲಿ ಬಂದರೆ ಪ್ರಯೋಜನವಿಲ್ಲ. ನಾವು ಶಿಕ್ಷಕರು ಪಠ್ಯಪುಸ್ತಕಕ್ಕಿಂತ ಮೊದಲು ಮಾದರಿ ಪತ್ರಿಕೆ ನೋಡುವ ಜನ. ಪ್ಯಾಸೇಜುಗಳು ಬೇಕಿದ್ದರೆ ಹೇಳಿ, ನಾನೂ ನಮ್ಮ ತಾಲ್ಲೂಕಿನ ಕೆಲವು ಇಂಗ್ಲಿಷ್ ಶಿಕ್ಷಕರೂ ಸೇರಿ ಬರೆದು ಕಳಿಸುತ್ತೇವೆ. ಸಂಭಾವನೆ ಏನೂ ಬೇಡ.

ಇತಿ ನಿಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಇಂಗ್ಲಿಷ್ ಶಿಕ್ಷಕ